ಗ್ರಂಥಕರ್ತರು ಮನೆಮಂದಿಯೆಲ್ಲ

ಆ ಬೆಳಿಗ್ಗೆ ಹನೂರಿನ ಮೇಲೆ ಮಂಜು ಎಷ್ಟು ದಟ್ಟವಾಗಿ ಇಳಿದಿತ್ತೆಂದರೆ ಎದುರುಮನೆಯ ಜಗಲಿ ಕಾಣುತ್ತಿರಲಿಲ್ಲ. ಅಲ್ಲಿ ಯಾರೋ ಕೆಮ್ಮಿದ್ದು ಮಾತ್ರ ಕೇಳುತ್ತಿತ್ತು. ಮಾರ್ಗಶಿರದ ಚಳಿ. ಕಣದಲ್ಲಿ ಒಟ್ಟಿದ್ದ ರಾಗಿ ಮೆದೆಗಳು ಇಬ್ಬನಿಗೆ ತೊಯ್ದು, ಮಿಂದು ಬಂದ ಮುದುಕಿಯರ ಹಾಗೆ ಮುದುರಿ ಕೂತಿದ್ದವು. ಮಹದೇಶ್ವರ ಬೆಟ್ಟಕ್ಕೆ ಹೊರಟ ಮೊದಲ ಬಸ್ಸು ಊರು ದಾಟುವವರೆಗೂ ಹಾರನ್ ಒತ್ತುವುದನ್ನು ನಿಲ್ಲಿಸಲಿಲ್ಲ.

ದೊಡ್ಡಮಾದಪ್ಪನವರು ಲಿಂಗಪೂಜೆ ಮುಗಿಸಿ, ಹಿಂದಿನ ಸಂಜೆ ಕೊಳ್ಳೇಗಾಲದಿಂದ ತಂದ ಗಂಟನ್ನು ದೇವರು ಮಾದಪ್ಪನ ಪಟದ ಮುಂದಿಟ್ಟು, ಅದಕ್ಕೂ ಮೂರು ಬೆರಳು ವಿಭೂತಿ ಎಳೆದರು. ಆಮೇಲೆ ಅಡುಗೆಮನೆಯ ಕಡೆ ತಿರುಗಿ ಕೂಗಿದರು.

“ಬಾ ಅವ್ವ, ವೀರವ್ವ. ನಿನ್ ಪುಸ್ತ್ಕ ಬಂದದ. ಗಂಟ ನೀನೇ ಬಿಚ್ಚು.”

ವೀರಮ್ಮ ಕೈ ಒರೆಸಿಕೊಂಡು ಬಂದಳು. ಅವಳು ಆ ಮನೆಯ ಸೊಸೆ, ಊರಿನ ಹೆಣ್ಣುಮಕ್ಕಳ ಸ್ಕೂಲಿನಲ್ಲಿ ಮೇಡಂ. ಯಳಂದೂರಿನ ತವರಿನಿಂದ ಬಂದವಳಿಗೆ ಒಂದು ಹುಚ್ಚು ಅಂಟಿಕೊಂಡೇ ಬಂದಿತ್ತು. ಎಲ್ಲಿ ಕೆರೆ ಕಂಡರೂ, ಬಾವಿ ಕಂಡರೂ, ಅದನ್ನು ಯಾರು ತೋಡಿಸಿದರು, ಯಾರು ತೋಡಿದರು, ಮೊದಲ ಕೊಡ ಯಾರು ಸೇದಿದರು ಎಂದು ಕೇಳಿ ಬರೆದುಕೊಳ್ಳುವುದು. ಭಾನುವಾರ ಬಂದರೆ ಮಾವ ತಾವೇ ಗಾಡಿ ಹೂಡಿ ಅವಳನ್ನೂ ಅತ್ತೆ ಚನ್ನಮಲ್ಲಮ್ಮನನ್ನೂ ಊರೂರಿಗೆ ಕರೆದೊಯ್ದಿದ್ದರು. ಸೊಸೆ ಬಾವಿಕಟ್ಟೆಯ ಮೇಲೆ ಮುದುಕಿಯರ ಜೊತೆ ಕೂತರೆ ಇವರು ಬೇವಿನ ನೆರಳಲ್ಲಿ ಎತ್ತು ಕಟ್ಟಿ ಮಲಗುತ್ತಿದ್ದರು. ನೀರಿನ ಮಾತು ದೇವರ ಮಾತೇ ಅಲ್ಲವೇ, ಮಲಗಿದ್ದರೂ ಪುಣ್ಯ ಬರುತ್ತದೆ ಎಂದು ಅವರ ನಂಬಿಕೆ.

ಹಾಗೆ ಕೂಡಿದ್ದೇ ‘ಹನೂರು ಸೀಮೆಯ ಕೆರೆಬಾವಿಗಳು’. ಅಚ್ಚಿಗೆ ಕೊಡುವಾಗ ವೀರಮ್ಮ ತನ್ನ ಹೆಸರನ್ನು ತಾನೇ ಬರೆದುಕೊಳ್ಳಲು ನಾಚಿ ಮೊದಲ ಹಾಳೆಯನ್ನು ಖಾಲಿ ಬಿಟ್ಟಿದ್ದಳು. ಪ್ರೆಸ್ಸಿನವರು ಕೇಳುತ್ತಾರೆ, ಮಾವ ಹೇಳುತ್ತಾರೆ ಎಂದುಕೊಂಡಿದ್ದಳು.

ಪ್ರೆಸ್ಸಿನವರು ಕೇಳಿದ್ದರು. ಮಾವ ಹೇಳಿದ್ದರು.

ಅವಳು ಮೊದಲ ಹಾಳೆ ತೆರೆದಳು. ಮೇಲೆ ‘ಶ್ರೀ ಮಹದೇಶ್ವರ ಪ್ರಸನ್ನ’. ಅದರ ಕೆಳಗೆ ಎರಡು ಕಡೆ ಬಳ್ಳಿಯ ಚಿತ್ರ, ಪೂರ್ಣಕುಂಭ. ಗ್ರಂಥಕರ್ತರು: ಲಿಂಗೈಕ್ಯ ಪುಟ್ಟಮಲ್ಲಪ್ಪನವರು, ಶ್ರೀ ದೊಡ್ಡಮಾದಪ್ಪನವರು, ಶ್ರೀ ಚಿಕ್ಕಮಾದಪ್ಪನವರು, ಅವರ ಮಕ್ಕಳು, ದಾಯಾದಿಗಳು, ಗಂಡ ರುದ್ರಸ್ವಾಮಿ, ಊರ ಹಿರಿಯರು, ಬಂಧುಮಿತ್ರರು. ಎಲ್ಲಕ್ಕಿಂತ ಕೆಳಗೆ, ಇರುವೆ ಸಾಲಿನಂಥ ಅಕ್ಷರದಲ್ಲಿ: ‘ಬರವಣಿಗೆ, ಮನೆಯ ಸೊಸೆ’.

“ಎಂಗದ?” ಮಾವನ ಮುಖ ಬೆಳಗುತ್ತಿತ್ತು. “ಪ್ರೆಸ್ಸಿನ ಮಹದೇವು ಕೇಳ್ದ, ಯಜಮಾನ್ರೇ, ಯಾರ್ಯಾರ ಎಸ್ರು ಆಕ್ಲಿ, ಮೊದ್ಲು ಯಾರ್ದು ಅಂತ. ಒಬ್ರುನ್ನ ಬುಟ್ಟು ಒಬ್ರುನ್ನ ಆಕುದ್ರ ನಾಳಿಕ್ಕ ಮಾತು ಬತ್ತದ ನೋಡು. ಅಲ್ಲೇ ಕುಂತ್ಕಂಡು ಇರೀಕ್ರಿಂದ ಇಡ್ದು ಎಲ್ರುನ್ನೂ ಗ್ಯಾನಿಸ್ಕಂಡು ಬರಸ್ದಿ. ಒಬ್ರೂ ತಪ್ಪಿಲ್ಲ!”

ಮಹದೇವು ಜೀವಮಾನವೆಲ್ಲ ಲಗ್ನಪತ್ರಿಕೆ ಅಚ್ಚು ಮಾಡಿದವನು. ದೊಡ್ಡಮಾದಪ್ಪನವರು ಜೀವಮಾನವೆಲ್ಲ ಲಗ್ನಪತ್ರಿಕೆಗೆ ಹೆಸರು ಬರೆಸಿದವರು. ಇಬ್ಬರಿಗೂ ತಪ್ಪು ಮಾಡಿದ್ದೇವೆಂಬ ಸಂಶಯ ಹೇಗೆ ತಾನೇ ಬಂದೀತು?

ಚನ್ನಮಲ್ಲಮ್ಮ ಸೊಸೆಯ ಮುಖ ನೋಡಿದರು, ಹಾಳೆ ನೋಡಿದರು. “ನಿಮ್ಮಣ್ಣ ಎಬ್ಬೆಟ್ಟು ಒತ್ತೋರು. ಸತ್ತು ಇಷ್ಟು ಕಾಲಾದ ಮ್ಯಾಲ ಗ್ರಂಥ ಬರ್ದವ್ರಾ? ಕೈಲಾಸದಲ್ಲಿ ಇಸ್ಕೂಲ್ ಮಡಗವ್ರೇನೋ.”

“ನಿಂಗ ಎಲ್ಲಾ ತಮಾಸಿ. ಇರೀಕರ ಎಸ್ರು ಮುಂದ ಇರ್ಬೇಕು ಕಣಮ್ಮಿ.”

“ಚೆನ್ನಾಗದೆ ಮಾವಯ್ಯ,” ಎಂದಳು ವೀರಮ್ಮ. ಪುಸ್ತಕವನ್ನು ಕಣ್ಣಿಗೊತ್ತಿಕೊಂಡು ಒಳಗೆ ಹೋದಳು. ಒಲೆಯ ಮುಂದೆ ಹೊಗೆ ಇತ್ತು. ಕಣ್ಣು ಒರೆಸಿಕೊಂಡರೆ ಯಾರೂ ಕೇಳುವಂತಿರಲಿಲ್ಲ.

ಅವಳಿಗೆ ಆ ಹೆಸರು ಬೇಕಾಗಿತ್ತು. ಮೈಸೂರಿನಲ್ಲಿ ಗ್ರಂಥಾಲಯದ ತರಬೇತಿಗೆ ಅರ್ಜಿ ಕರೆದಿದ್ದರು. ಅದನ್ನು ಮುಗಿಸಿ ಬಂದರೆ ಹನೂರಿನಲ್ಲೇ ಒಂದು ಪುಸ್ತಕದ ಕೋಣೆ ತೆರೆಯಬಹುದು, ಸ್ಕೂಲು ಬಿಟ್ಟ ಹುಡುಗಿಯರು ಬಂದು ಕೂರಬಹುದು ಎಂದು ಎಷ್ಟೋ ದಿನದಿಂದ ಮನಸ್ಸಿನಲ್ಲೇ ಆ ಕೋಣೆಯನ್ನು ಗುಡಿಸಿ ಸಾರಿಸಿ ಇಟ್ಟಿದ್ದಳು. ಬರುವ ಅರ್ಜಿಗಳು ನೂರಾರು. ಸ್ವಂತ ಹೆಸರಿನಲ್ಲಿ ಅಚ್ಚಾದ ಪುಸ್ತಕವಿದ್ದರೆ ಅಂಕ ಹೆಚ್ಚು. ಅದೊಂದೇ ಅವಳಿಗಿದ್ದ ದಾರಿ.

ಗಂಡ ರುದ್ರಸ್ವಾಮಿ ಮೆಲ್ಲಗೆ ಹೇಳಿದ: “ಮ್ಯಾಗಡೆ ಪೆನ್ನಲ್ಲಿ ನಿನ್ನ ಹೆಸ್ರು ಬರ್ದು ಕಳ್ಸು. ಯಾರ್ ನೋಡ್ತಾರ?”

“ಮಾವಯ್ಯನ ಹೆಸರಿನ ಮೇಲೆ ನಾನು ಗೀಟು ಎಳೀಲಾ?” ಎಂದಳು.

ಮಾರನೆಯ ದಿನ ಅವಳು ಪುಸ್ತಕದ ಒಂದು ಪ್ರತಿ ಕೊಡಲು ಕೊಳ್ಳೇಗಾಲದ ಗ್ರಂಥಾಲಯಕ್ಕೆ ಹೊರಟಾಗ ದೊಡ್ಡಮಾದಪ್ಪನವರೂ ಜರಿ ಅಂಚಿನ ಪಂಚೆ ಉಟ್ಟು ಬಸ್ಸು ಹತ್ತಿದರು. ತಮ್ಮ ಪುಸ್ತಕ ಗ್ರಂಥಾಲಯದ ಬೀರು ಸೇರುವುದನ್ನು ಕಣ್ಣಾರೆ ನೋಡಬೇಕಿತ್ತು.

ಗ್ರಂಥಾಲಯ ನೋಡಿಕೊಳ್ಳುತ್ತಿದ್ದ ಗೋವಿಂದಯ್ಯನವರು ವೀರಮ್ಮನಿಗೆ ಹಳೆಯ ಪರಿಚಯ. ಪುಸ್ತಕವನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಮೊದಲು ಮೂಸಿ ನೋಡಿ, ಆಮೇಲೆ ತೆರೆದರು. ಅಂಗೈಯಗಲದ ಒಂದು ಕಾರ್ಡು ತೆಗೆದು ಮುಂದಿಟ್ಟುಕೊಂಡರು.

“ಪ್ರತಿ ಪುಸ್ತಕಕ್ಕೂ ಇಂಥದೊಂದು ಕಾರ್ಡು ಬರೀತೀವಿ ಯಜಮಾನ್ರೇ. ಮೇಲುಗಡೆ ಬರೆದೋರ ಹೆಸರು. ಹುಡುಕ್ಕೊಂಡು ಬಂದೋರಿಗೆ ಪುಸ್ತಕ ಸಿಗೋದು ಆ ಹೆಸರಿಂದ. ಇಲ್ಲಿ ಮೊದಲನೆಯವರು ಪುಟ್ಟಮಲ್ಲಪ್ಪನವರು. ಯಾರು ಅವರು?”

“ನಮ್ಮಣ್ಣ.”

“ಎಲ್ಲಿದ್ದಾರೆ?”

“ಕೈಲಾಸದಲ್ಲವ್ರೆ.”

ಗೋವಿಂದಯ್ಯನವರು ಲೇಖನಿ ಕೆಳಗಿಟ್ಟರು. “ಮೇಡಂ ಬರೆದಿದ್ದು ನಂಗೆ ಗೊತ್ತು. ಆದ್ರೆ ಪುಸ್ತಕ ಏನು ಹೇಳುತ್ತೋ ಅದನ್ನೇ ನಾನು ಬರೀಬೇಕು. ಮೇಡಂ ತರಬೇತಿಗೆ ಅರ್ಜಿ ಹಾಕ್ತಿರೋ ಮೈಸೂರಿನೋರೂ ಅಷ್ಟೇ. ಮೊದಲ ಹಾಳೆ ನೋಡ್ತಾರೆ, ಎಣಿಸ್ತಾರೆ. ಕೊಟ್ಟಿಗೇಲಿ ಎಮ್ಮೆ ಎಷ್ಟು ಅಂತ ಕೇಳ್ತಾರೆ, ಒಂದನ್ನೂ ಹಾಲು ಕರೆದು ನೋಡಲ್ಲ. ಅದು ಸರಿ ಅಂತ ನಾನೇನೂ ಅನ್ನಲ್ಲ. ಆದ್ರೆ ಹೆಸರಿಲ್ಲದಿದ್ರೆ ಇವರಿಗೆ ಆ ಒಂದು ಎಮ್ಮೇನೂ ಇಲ್ಲ.”

“ಇವ್ಳೇ ಬರದಿದ್ದು ಅಂತ ಇಡೀ ಊರ್ಗೇ ಗೊತ್ತು,” ದೊಡ್ಡಮಾದಪ್ಪನವರು ಸ್ವಲ್ಪ ನೊಂದುಕೊಂಡರು. “ನಾವೇನು ಕದ್ದಿದ್ದಾವಾ? ಮನಗ ಮರ್ವಾದಿ ಅಂತ ಆಕ್ಸುದ್ದು.”

ಅಷ್ಟರಲ್ಲಿ ಮೇಜಿನ ಆಚೆ ಪೇಪರು ಓದುತ್ತಿದ್ದ ಒಬ್ಬಾತ ಆ ಹೊಸ ಪುಸ್ತಕವನ್ನು ತನ್ನತ್ತ ಎಳೆದುಕೊಂಡು ಪುಟ ಮಗುಚುತ್ತಿದ್ದ. ಮಾರ್ಟಳ್ಳಿಯ ರಂಗನಾಯಕ, ಸೌದೆ ವ್ಯಾಪಾರದವನು. ಇದ್ದಕ್ಕಿದ್ದಂತೆ ಪುಸ್ತಕದ ಮೇಲೆ ಬೆರಳು ಕುಟ್ಟಿದ.

“ಯಾರ್ ಸಾಮಿ ಇದ ಬರ್ದೋರು? ನಮ್ಮೂರ್ ದಾರಿ ಬಾವಿಯ ಯಾರೋ ಶೆಟ್ರು ತೋಡ್ಸುದ್ರು ಅಂತ ಅದಲ್ಲ! ಅದ ತೋಡ್ಸುದ್ದು ನಮ್ಮ ಪಾಟಿ. ನಮ್ಮಪ್ಪನ ತಾಯಿ. ಗಂಡ ಸತ್ತ ಮ್ಯಾಲ ಕಿವಿ ಓಲೆ ಮಾರ್ಬುಟ್ಟು ತೋಡ್ಸುದ್ಳು.” ಮೊದಲ ಹಾಳೆ ತಿರುಗಿಸಿ ನೋಡಿದ. “ಅಪ್ಪಪ್ಪಾ, ಇಷ್ಟು ಜನ್ದಲ್ಲಿ ನಾನು ಯಾರ್ನ ಇಡ್ಕಳ್ಳಿ?”

ದೊಡ್ಡಮಾದಪ್ಪನವರು ಎದೆ ಸೆಟೆಸಿದರು. “ನಾನೇ ಕಣಪ್ಪ ದೊಡ್ಡಮಾದಪ್ಪ.”

“ಅಂಗಾದ್ರ ನೀವೇ ಏಳಿ. ಯಾರ್ನ ಕೇಳಿ ಬರದ್ರಿ?”

ಅವರು ಬಾಯಿ ತೆರೆದರು. ಆ ಬಾವಿಯ ಹತ್ತಿರ ಬೇವಿನ ಮರ ಇತ್ತೋ ಹುಣಸೆ ಇತ್ತೋ, ಅದೂ ಅವರಿಗೆ ನೆನಪಾಗಲಿಲ್ಲ. ಬಾಯಿ ಮುಚ್ಚಿದರು. ಅಣ್ಣನ ಹೆಸರಿನ ಕಡೆ ಒಮ್ಮೆ ನೋಡಿದರು. ಕೈಲಾಸದಿಂದ ಉತ್ತರ ಬರಲಿಲ್ಲ.

ವೀರಮ್ಮ ಮುಂದೆ ಬಂದಳು. “ತಪ್ಪು ನಂದು ಅಣ್ಣ. ಅವತ್ತು ಹೊತ್ತು ಮುಳುಗ್ತಿತ್ತು, ಊರೊಳಕ್ಕೆ ಬರಲಿಲ್ಲ. ರಸ್ತೆ ಮಗ್ಗುಲ ಟೀ ಅಂಗಡಿಯೋರು ಹೇಳಿದ್ದನ್ನೇ ನಂಬಿ ಬರೆದುಬಿಟ್ಟೆ. ಇನ್ನೊಬ್ಬರನ್ನ ಕೇಳಬೇಕಿತ್ತು. ನಿಮ್ಮ ಅಜ್ಜಿ ಹೆಸರೇನು?”

ರಂಗನಾಯಕ ಅವಳನ್ನೇ ನೋಡಿದ. ಜಗಳಕ್ಕೆಂದು ಕೂಡಿಸಿಕೊಂಡ ಉಸಿರನ್ನು ಏನು ಮಾಡಬೇಕೋ ತಿಳಿಯದೆ ಹೊರಬಿಟ್ಟ. “ಚಿಕ್ಕತಾಯಮ್ಮ ಅಂತ.”

“ಕೂತ್ಕೊಳ್ಳಿ. ಮೊದಲಿಂದ ಹೇಳಿ, ತಿದ್ದಿಕೊಳ್ತೀನಿ.”

ಆತ ಕೂತು ಹೇಳಿದ. ನೀರು ಕಾಣುವವರೆಗೂ ಅಜ್ಜಿ ಉಂಡಿರಲಿಲ್ಲವಂತೆ. ಕಂಡ ದಿನ ಮೊದಲ ಕೊಡವನ್ನು ದಾರಿಹೋಕರಿಗೆ ಕುಡಿಸಿ ತಾನು ಕಡೆಗೆ ಕುಡಿದಳಂತೆ. ಹೇಳುತ್ತಾ ಹೇಳುತ್ತಾ ಅವನು ಮುಂಗೈಯಲ್ಲಿ ಕಣ್ಣೊರೆಸಿಕೊಂಡ. ವೀರಮ್ಮ ಬರೆಯುವುದನ್ನು ನಿಲ್ಲಿಸಿ ಕಾದಳು.

ಗೋವಿಂದಯ್ಯನವರು ದೊಡ್ಡಮಾದಪ್ಪನವರ ಪಕ್ಕ ಬಂದು ತಗ್ಗಿದ ದನಿಯಲ್ಲಿ ಹೇಳಿದರು: “ನೋಡಿದ್ರಾ ಯಜಮಾನ್ರೇ? ಪುಸ್ತಕಕ್ಕೆ ಹೆಸರು ಹಾಕೋದು ಹಾರ ಹಾಕಿದ ಹಾಗಲ್ಲ. ಯಾರಾದ್ರೂ ಬಂದು ಬಾಗಿಲು ತಟ್ಟಿದ್ರೆ ಎದ್ದು ಬರೋರು ಯಾರು ಅಂತ ತಿಳಿಸೋಕೆ.”

ಹಿಂದಿರುಗುವ ಬಸ್ಸಿನಲ್ಲಿ ದೊಡ್ಡಮಾದಪ್ಪನವರು ಕಿಟಕಿಯಾಚೆ ಬೆಟ್ಟದ ಸಾಲು ನೋಡುತ್ತಾ ಕೂತಿದ್ದರು. ಹನೂರು ಹತ್ತಿರವಾದಾಗ ಕೇಳಿದರು:

“ಅರ್ಜಿ ಯಾವತ್ತಿನ ಗಂಟ ಆಕ್ಬೌದು?”

“ಬರೋ ಶುಕ್ರವಾರದೊಳಗೆ ಟಪಾಲಿಗೆ ಹಾಕಬೇಕು ಮಾವಯ್ಯ. ಹೋಗ್ಲಿ ಬಿಡಿ, ಮುಂದಿನ ವರ್ಷ ನೋಡಿದ್ರಾಯ್ತು.”

ಅಚ್ಚಾದ ಹೆಸರನ್ನು ಹೇಳದೆ ಕೇಳದೆ ತೆಗೆಸುವುದು ಕರೆದವರನ್ನು ಪಂಕ್ತಿಯಿಂದ ಎಬ್ಬಿಸಿದಂತೆ. ಹಾಗಾಗಿ ಮರುದಿನ ಅವರು ಮದುವೆಗೆ ಕರೆಯಲು ಹೊರಟವರಂತೆ ತಟ್ಟೆಯಲ್ಲಿ ಎಲೆಅಡಿಕೆ ಇಟ್ಟುಕೊಂಡು ಮನೆಮನೆಗೆ ಹೊರಟರು. “ಯಾರ ಮದ್ವ?” ಎಂದು ಕೇಳಿದವರಿಗೆಲ್ಲ, “ಮದ್ವ ಅಲ್ಲ, ನಿಮ್ಮೆಸ್ರು ವಾಪಸ್ ಕೇಳಕ್ಕ ಬಂದಿವ್ನಿ,” ಎಂದರು.

ಚಿಕ್ಕಪ್ಪನ ಮಗ ಚಿಕ್ಕಮಾದಪ್ಪ ರೇಗಿದ. “ಅಚ್ಚಾದ ಮ್ಯಾಲ ಕಿತ್ಗತ್ತಿಯಾ ಅಣ್ಣ? ಬೀಗರ ಮನಗ ಒಂದು ಪುಸ್ತ್ಕ ಕಳ್ಸ್ಬುಟ್ಟಿವ್ನಿ, ಬರದಿದ್ದು ನಾನೇ ಅಂತ!”

“ಅವ್ರು ಓದ್ಬುಟ್ಟು ಏನಾರ ಕೇಳುದ್ರ ಏನ್ ಏಳೀಯೆ?”

“ಕೇಳ್ತಾರಾ?”

“ಕೇಳ್ತಾರ ಕಣ್ಲಾ. ನನ್ನ ಕೇಳುದ್ರು.”

ಚಿಕ್ಕಮಾದಪ್ಪ ಒಂದು ಗಳಿಗೆ ಯೋಚಿಸಿ ಎಲೆಅಡಿಕೆ ಎತ್ತಿಕೊಂಡ. “ಅಂಗಾದ್ರ ಮೊದ್ಲು ನನ್ನೆಸ್ರು ತಗ್ಸು.”

ಕಷ್ಟವಾದದ್ದು ಅತ್ತಿಗೆಯ ಮನೆ. ಪುಟ್ಟಮಲ್ಲಪ್ಪನವರ ಹೆಂಡತಿ ಕೆಂಪಾಜಮ್ಮನಿಗೆ ಕಣ್ಣು ಮಂಜು. ಗಂಡನ ಹೆಸರು ಯಾವ ಜಾಗದಲ್ಲಿದೆಯೆಂದು ಮೊಮ್ಮಗಳಿಂದ ಬೆರಳಿಡಿಸಿಕೊಂಡು, ಆ ಜಾಗಕ್ಕೆ ಬೆಳಿಗ್ಗೆ ಸಂಜೆ ವಿಭೂತಿ ಹಚ್ಚುತ್ತಿದ್ದಳು. ದೊಡ್ಡಮಾದಪ್ಪನವರು ತಟ್ಟೆ ಇಟ್ಟು ಅವಳ ಕಾಲು ಮುಟ್ಟಿದರು. ಬಂದ ವಿಷಯ ಹೇಳಿದರು.

ಕೆಂಪಾಜಮ್ಮ ತಟ್ಟೆಯ ಅಂಚು ಸವರಿದಳು.

“ಅವ್ರು ಒಂದ್ ಅಕ್ಸರ ಕಲ್ತೋರಲ್ಲ,” ಎಂದಳು. “ಆದ್ರ ಅಕ್ಕತಂಗೇರ ಕೆರೆ ಕತ ಏಳ್ತಿದ್ರಲ್ಲ, ಅದ ನಾನೇ ವೀರವ್ವಂಗ ಏಳ್ಕೊಟ್ಟಿನಿ. ಅವ್ರ ಬಾಯಿಂದ ಕೇಳುದ್ದ ಅಂಗಂಗೇ. ಅದ ಬರ್ದವಳಾ?”

“ಬರ್ದವ್ಳ ಅತ್ಗೆ.”

“ಅದ ಏಳುದ್ದು ಅವ್ರು ಅಂತ ಒಂದ್ಮಾತು ಆಕ್ಸು. ಬರದ್ರು ಅನ್ನುದು ಬ್ಯಾಡ. ಸಿವನ ಮುಂದ ಅವ್ರುಗೇ ನಾಚ್ಕ ಆಯ್ತದ.” ಎಲೆಯನ್ನು ಕಣ್ಣಿಗೊತ್ತಿಕೊಂಡು ಬಾಯಿಗಿಟ್ಟಳು.

ಆಮೇಲಿನ ದಿನಗಳಲ್ಲಿ ದೊಡ್ಡಮಾದಪ್ಪನವರು ಪುಸ್ತಕದ ಗಂಟು ಹೊತ್ತು ಕೊಳ್ಳೇಗಾಲಕ್ಕೆ ಹೋಗುವುದು, ಸಂಜೆ ಅಂಗೈಯಲ್ಲಿ ಒಣಗಿದ ಮೈದಾ ಅಂಟು ಕೆರೆದುಕೊಳ್ಳುತ್ತಾ ಬರುವುದು. ಚನ್ನಮಲ್ಲಮ್ಮ ಕೇಳಿದರೆ “ಮಾರ್ಕೆಟ್ಟಿಗೆ” ಎನ್ನುತ್ತಿದ್ದರು.

“ಯಾವ ಮಾರ್ಕೆಟ್ಟು, ಮೈದಾ ಮಾರ್ಕೆಟ್ಟಾ?”

“ನಿಂಗ್ಯಾಕ? ಮುದ್ದ ಇಕ್ಕು.”

ಆ ಶುಕ್ರವಾರ ಮಧ್ಯಾಹ್ನ ವೀರಮ್ಮ ಮಕ್ಕಳಿಗೆ ಮಗ್ಗಿ ಹೇಳಿಸುತ್ತಿದ್ದಳು. ಇದ್ದಕ್ಕಿದ್ದಂತೆ ಮಗ್ಗಿ ನಿಂತಿತು. ಹುಡುಗಿಯರೆಲ್ಲ ಬಾಗಿಲ ಕಡೆ ನೋಡುತ್ತಿದ್ದರು. ಸೊಸೆ ಪಾಠ ಮಾಡುವ ಕಡೆಗೆ ಎಂದೂ ಬಂದಿರದ ದೊಡ್ಡಮಾದಪ್ಪನವರು ಗುಡಿಯ ಮುಂದೆ ಬಿಡುವಂತೆ ಚಪ್ಪಲಿಯನ್ನು ದೂರದಲ್ಲೇ ಬಿಟ್ಟು ಹೊಸ್ತಿಲ ಹೊರಗೆ ನಿಂತಿದ್ದರು. ಹೆಗಲ ಟವೆಲಿನಲ್ಲಿ ಏನೋ ಸುತ್ತಿಕೊಂಡಿದ್ದರು.

“ಕೂತ್ಕೊಳ್ಳಿ ಮಾವಯ್ಯ,” ಎಂದಳು ಅವಳು, ಎಲ್ಲಿ ಎಂದು ತಿಳಿಯದೆ.

“ಬ್ಯಾಡ ಕಣವ್ವ. ಪಾಠ ನಡೀಲಿ. ಮೈಸೂರಿನ ಟಪಾಲು ಓಗಕ್ಕ ಇನ್ನೂ ಒತ್ತದ.”

ಟವೆಲು ಬಿಚ್ಚಿ ಒಂದು ಪುಸ್ತಕ ತೆಗೆದರು. ಹೊಸದಾಗಿ ಅಚ್ಚು ಹಾಕಿಸಿ ಅಂಟಿಸಿದ ಮೊದಲ ಹಾಳೆಯ ಬುಡದಲ್ಲಿ ಅಂಟು ಇನ್ನೂ ಹಸಿಯಾಗಿತ್ತು. ಬಳ್ಳಿ ಇಲ್ಲ, ಕುಂಭ ಇಲ್ಲ. ಹಾಳೆಯ ನಡುವೆ ‘ಬರೆದವರು: ವೀರಮ್ಮ, ಹನೂರು’ ಎಂದಷ್ಟೇ ಇತ್ತು. ಅದರ ಹಿಂಬದಿಯಲ್ಲಿ ಕಥೆ ಹೇಳಿದವರ ಹೆಸರುಗಳು. ಪುಟ್ಟಮಲ್ಲಪ್ಪನವರೂ, ಕೆಂಪಾಜಮ್ಮನೂ, ಮಾರ್ಟಳ್ಳಿಯ ರಂಗನಾಯಕನೂ ಅಲ್ಲಿದ್ದರು. ಗಾಡಿ ಹೂಡಿದವರ ಹೆಸರು ಎಲ್ಲಿಯೂ ಇರಲಿಲ್ಲ.

ವೀರಮ್ಮ ತಲೆ ಎತ್ತಿದಳು. ಅವರು ಆಗಲೇ ಮುಖವನ್ನು ಬಯಲ ಕಡೆ ತಿರುಗಿಸಿಕೊಂಡಿದ್ದರು. ಪುಸ್ತಕವನ್ನು ಎರಡೂ ಕೈಯಲ್ಲಿ ಹಿಡಿದು, ಮನೆಯಲ್ಲಿ ಜಂಗಮರಿಗೆ ಕೊಡುವ ಹಾಗೆ ಸ್ವಲ್ಪ ಬಾಗಿ, ಅವಳ ಕೈಯಲ್ಲಿಟ್ಟರು.