‘ಬಂದದ್ದು’ ಎಂಬ ಟ್ಯಾಗು

ಹನ್ನೊಂದು ಗಂಟೆಗೆ ಗಾಳಿ ತಿರುಗಿತು. ಕಡಲಿಗೆ ಹೊರಟ ರಕ್ಷಣಾ ಬೋಟಿನವರು ಕೂಡಲೇ ಫೋನ್ ಮಾಡಿ, ಗಂಗೊಳ್ಳಿಯ ಎಷ್ಟು ಬೋಟು ಇನ್ನೂ ಕಡಲಲ್ಲಿವೆ ಎಂದು ಕೇಳಿದರು. ಬೋಟಿನವರ ಸಂಘದ ಆಫೀಸಿನಲ್ಲಿ ಕಂಪ್ಯೂಟರ್ ಸೌಜನ್ಯಳ ಪಾಲಿನದು. ಎಕ್ಸ್‌ಎಂಎಲ್ ಕಡತದಲ್ಲಿ ಒಂದೊಂದು ಬೋಟಿಗೂ ‘ಹೊರಟದ್ದು’, ‘ಬಂದದ್ದು’ ಎಂದು ದಿನ, ಗಂಟೆ ತುಂಬಲು ಎರಡು ಟ್ಯಾಗು ಮಾಡಿಟ್ಟವಳೂ ಅವಳೇ. ಇನ್ನು ಹುಡುಕುವುದು ಎಷ್ಟರ ಕೆಲಸ? ‘ಬಂದದ್ದು’ ಖಾಲಿಯಿರುವ ಬೋಟುಗಳ ಹೆಸರು ಕೊಡು ಎಂದು ಒಂದು ಸಾಲಿನ ಕ್ವೆರಿ ಬರೆದಳು. ಉತ್ತರ ಸೊನ್ನೆ. ಹಾಗಾದರೆ ಕಡಲಿಗೆ ಹೋಗಿದ್ದ ತನ್ನ ತಮ್ಮ ಅನೂಪನೂ ಬಂದು ಮುಟ್ಟಿದ ಎಂದು ಅವಳ ಜೀವ ತಣ್ಣಗಾಯಿತು. “ಎಲ್ಲ ಬಂದಾಗಿದೆ” ಎಂದು ಹೇಳಿ ಫೋನಿಟ್ಟಳು.

ಊಟದ ಹೊತ್ತಿಗೆ ಅನೂಪನಿಗೆ ಫೋನ್ ಮಾಡಿದರೆ ಹೋಗಲೇ ಇಲ್ಲ. ಐದಾರು ಸಲ ಮಾಡಿ ದಕ್ಕೆಗೆ ಓಡಿದಳು. ಅವನ ಬೋಟು ಕಟ್ಟುವಲ್ಲಿ ಬರೀ ನೀರು. ಆಫೀಸಿಗೆ ಓಡಿಬಂದಳು.

ಹೋದ ವಾರದಿಂದ ಎಂಟ್ರಿ ಹಾಕುತ್ತಿದ್ದವರು ಮುತ್ತಣ್ಣ. ಮೂವತ್ತು ವರ್ಷ ಕಡಲಿಗೆ ಹೋಗಿ, ಸೊಂಟ ಕೈಕೊಟ್ಟ ಮೇಲೆ ಕುರ್ಚಿ ಹಿಡಿದವರು.

“ಮುತ್ತಣ್ಣ, ಅನೂಪನ್ ಬೋಟ್ ಬಂದಿತ್ ಅಂದೇಳಿ ಹಾಕಿದ್ರಿ ಅಲ್ದಾ?”

“ಹೊರಡುವತ್ತಿಗೇ ಹಾಕಿದ್ದೆ ಮಗಾ, ನಾಳೆ ಸಂಜಿ ಅಂದೇಳಿ. ಬಂದ್ಮೇಲೆ ಗಂಟೆ ತಿದ್ದುದ್.”

“ಬಪ್ಪುಕ್ ಮುಂಚೆ ಎಂತಕ್ ಹಾಕುದ್?”

“ಕಡಲಿಗ್ ಹೋದವ್ರ್ ಬಪ್ಪು ಜಾಗ ಖಾಲಿ ಬಿಟ್ರೆ ಎಂತ ಅರ್ಥ ಹೇಳ್? ನಂಗದ್ ಆತಿಲ್ಲ.”

ಸೌಜನ್ಯ ಕಂಪ್ಯೂಟರಿನ ಮುಂದೆ ಕೂತಳು. ಮುದುಕ ಹಾಕಿದ್ದು ಪ್ರೀತಿಯಿಂದಲೇ. ಕ್ವೆರಿಗೆ ಪ್ರೀತಿ ಗೀತಿ ಗೊತ್ತಾಗುವುದಿಲ್ಲ. ಖಾಲಿಯಾ ಎಂದು ಕೇಳಿದರೆ ಅಲ್ಲ ಎನ್ನುತ್ತದೆ, ಅಷ್ಟೇ. ಹಾಗೆ ಕೇಳಿದ ದಡ್ಡಿ ತಾನು. ಸಾಲು ತಿದ್ದಿದಳು: ‘ಬಂದದ್ದು’ ಈಗಿನ ಗಂಟೆಗಿಂತ ಮುಂದಿರುವ ಬೋಟುಗಳನ್ನು ಕೊಡು. ನಾಲ್ಕು ಹೆಸರು ಬಂದವು. ಕೊನೆಯದು ಅನೂಪನ ಬೋಟು.

ರಕ್ಷಣಾ ಬೋಟಿನವರಿಗೆ ಫೋನ್ ಮಾಡಿದಳು. “ನೀವು ಹೇಳಿದ ಕೂಡ್ಲೇ ನಾವು ವಾಪಸ್ ತಿರುಗಿಸಿದ್ವಿ,” ಎಂದಿತು ಆ ಕಡೆಯ ದನಿ. “ಈಗ ಮತ್ತೆ ಹೊರಟ್ರೆ ಅಲ್ಲಿಗೆ ಮುಟ್ಟೋದಕ್ಕೆ ಎರಡು ಗಂಟೆ ಬೇಕು. ಎಲ್ಲ ಬಂದಾಗಿದೆ ಅಂದಿದ್ದು ಯಾರು?”

“ನಾನೇ,” ಎಂದಳು ಸೌಜನ್ಯ. ಆಮೇಲೆ ಹೆಸರು ಓದತೊಡಗಿದಳು. ಮೂರು ಓದಿದಳು. ಮುತ್ತಣ್ಣ ಅವಳ ಕೈಯಿಂದ ಫೋನ್ ತೆಗೆದುಕೊಂಡು ನಾಲ್ಕನೆಯ ಹೆಸರನ್ನು ಎರಡು ಸಲ ಹೇಳಿದರು.