ಪಥ್ಯಕ್ಕೆ ಬಿದ್ದ ತಟ್ಟೆ

ಅತ್ತೆಯಂಥ ಬಡಿಸುವ ಕೈ ಭೂಮಂಡಲದಲ್ಲಿ ಇನ್ನೊಂದು ಹುಟ್ಟಿಲ್ಲ, ಹುಟ್ಟುವುದೂ ಇಲ್ಲ. ಅವಳು ಸೌಟು ಹಿಡಿದು ನಿಂತಳೆಂದರೆ ಉಂಡವರು ತಾವಾಗಿ ಎದ್ದದ್ದನ್ನು ಕಂಡವರಿಲ್ಲ. ಇಬ್ಬರು ರಟ್ಟೆ ಹಿಡಿದು ಎಬ್ಬಿಸಬೇಕು. ಇಂಥವಳು ಹರೆಯದಲ್ಲಿ ಅಪ್ಪನ ದರ್ಜಿ ಅಂಗಡಿ ಬಿಟ್ಟು, ಮೂರು ಲೋಕಕ್ಕೂ ಕೇಳಿಸುವಂತೆ ಮನೆಮಂದಿಯೊಡನೆ ಜಗಳವಾಡಿ, ಜೀವಕೋಶ ಬೆಳೆಸುವ ಪ್ರಯೋಗಾಲಯಕ್ಕೆ ಸೇರಿದಳು. ಈಗ ತಲೆಯೆಲ್ಲ ಬೆಳ್ಳಗಾಗಿದೆ. ಆದರೂ ಆ ಕೋಣೆಯ ನೆನಪು ಬಂತೆಂದರೆ ಕೈಯಲ್ಲಿರುವ ಚಹಾ ಆರಿಹೋದದ್ದೂ ತಿಳಿಯುವುದಿಲ್ಲ.

ಸ್ಪಿರಿಟ್ಟಿನ ವಾಸನೆ, ಗಾಜಿನ ಪರದೆಯ ಹಿಂದೆ ಗುಂಯ್‌ಗುಡುವ ಫ್ಯಾನು, ಕೋಳಿಯ ಹೊಟ್ಟೆಯಷ್ಟೇ ಬೆಚ್ಚಗಿನ ಪೆಟ್ಟಿಗೆ. ಅದರೊಳಗೆ ಅಂಗೈಯಗಲದ ತಟ್ಟೆಗಳು. ಮೊಟ್ಟೆಯೊಳಗಿನ ಎಳೆಪಿಳ್ಳೆಯಿಂದ ತೆಗೆದ ಸ್ನಾಯುಕೋಶಗಳು ಅವುಗಳಲ್ಲಿ ಗುಲಾಬಿ ಬಣ್ಣದ ರಸ ಕುಡಿದು ಒಂದು ಎರಡಾಗಿ, ಎರಡು ನಾಲ್ಕಾಗಿ ಒಡೆಯುತ್ತಿದ್ದವು. ತಟ್ಟೆ ತುಂಬುವವರೆಗೆ ಗಟ್ಟಿ ರಸ. ತುಂಬಿದ ಮೇಲೆ ತೆಳು ರಸ. ಇದಕ್ಕೆ ಅಲ್ಲಿಯವರು ‘ಪಥ್ಯಕ್ಕೆ ಹಾಕುವುದು’ ಎನ್ನುತ್ತಿದ್ದರು. ಪಥ್ಯಕ್ಕೆ ಬಿದ್ದ ಕೋಶಗಳು ಒಡೆಯುವುದನ್ನು ಬಿಟ್ಟು, ಒಂದಕ್ಕೊಂದು ಬೆಸೆದು ಉದ್ದನೆಯ ಎಳೆಗಳಾಗಿ, ಕೊನೆಗೊಂದು ದಿನ ತಾವಾಗಿ ಮಿಡಿಯಬೇಕು.

ಅಲ್ಲಿನ ಗುರುಗಳಿಗೆ ‘ಕಂಬ’ ಎಂದು ಹೆಸರು. ಅವರ ಬಾಯಿಂದ ಒಂದು ಮಾತು ಹೊರಡುವಷ್ಟರಲ್ಲಿ ಹಿಮಾಲಯ ಒಂದು ಗೇಣು ಬೆಳೆಯುತ್ತಿತ್ತು. ಅಂಥವರು ಅತ್ತೆಗೆ ಎರಡು ಮಾತು ಹೇಳಿದ್ದರು: "ರಜೆ ಶುರುವಾಗೋದ್ರೊಳಗೆ ನಿನ್ನ ತಟ್ಟೆ ಮಿಡಿದ್ರೆ ಇಲ್ಲೇ ಇರು. ಇಲ್ಲಾಂದ್ರೆ ಅಪ್ಪನ ಅಂಗಡಿ ಇದ್ದೇ ಇದೆ."

ಅತ್ತೆ ತಟ್ಟೆಗಳನ್ನು ಪಥ್ಯಕ್ಕೆ ಹಾಕಿದಳು. ಆದರೆ ಆ ನೀರುನೀರಾದ ರಸ ನೋಡಿ ಅವಳ ಕರುಳು ಚುರುಕ್ಕೆಂದಿತು. ಯಾರೂ ಇಲ್ಲದಾಗ ಒಂದು ತೊಟ್ಟು ಗಟ್ಟಿ ರಸ ಬಿಟ್ಟಳು. ಮಾರನೆಯ ದಿನ ಇನ್ನೊಂದು. ಬಡಿಸಿ ರೂಢಿಯಾದ ಕೈ, ಕೇಳಬೇಕೆ.

ಪಕ್ಕದ ಮೇಜಿನವಳನ್ನು ಎಲ್ಲರೂ ಅಕ್ಕ ಎನ್ನುತ್ತಿದ್ದರು. ಅವಳ ನಾಲಿಗೆಯ ಹರಿತಕ್ಕೆ ಗಾಜೂ ಸೀಳಿಹೋಗುತ್ತಿತ್ತು. ಒಂದು ದಿನ ಆಕೆ ಅತ್ತೆಯ ತಟ್ಟೆ ನೋಡಲು ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟಳು.

"ಏನೇ ಇದು, ಸಂತೆ ಸೇರಿಸಿದೀಯಲ್ಲ. ಪಥ್ಯದಲ್ಲಿರೋ ಮನೇಲಿ ಇಷ್ಟೊಂದು ಮಕ್ಕಳು ಹೇಗೆ ಹುಟ್ಟಿದ್ವು?"

ಅತ್ತೆ ನೆಲ ನೋಡಿದಳು. "ಒಂಚೂರು ಗಟ್ಟಿದು ಹಾಕ್ದೆ ಅಕ್ಕಾ. ಪಾಪ ಅನ್ನಿಸ್ತು."

"ಪಾಪವಂತೆ. ತಾಯಿ, ಗಟ್ಟಿ ರಸ ಅಂದ್ರೆ ಅವಕ್ಕೆ ಬರೀ ಊಟ ಅಲ್ಲ, ‘ಒಡೀರಿ, ಇನ್ನೂ ಒಡೀರಿ’ ಅನ್ನೋ ಹುಕುಂ. ಅದು ನಿಂತ್ರೇನೆ ಅವು ಸ್ನಾಯು ಆಗೋದು."

"ಎರಡೂ ಮಾಡ್ಕೊಂಡಿರಬಾರದಾ?"

"ಒಡೀಬೇಕಾದ್ರೆ ಕೋಶ ಒಳಗಿನ ಸಾಮಾನೆಲ್ಲ ಬಿಚ್ಚಿ ಎರಡು ಪಾಲು ಮಾಡ್ಬೇಕು. ಸ್ನಾಯು ಆದ್ಮೇಲೆ ಒಳಗೆಲ್ಲ ಎಳೆಯೋ ಹುರಿಗಳೇ. ಮೈತುಂಬ ಹಗ್ಗ ಬಿಗಿದುಕೊಂಡು ಮನೆ ಪಾಲು ಮಾಡೋಕೆ ಹೋಗ್ತಾರಾ ಯಾರಾದ್ರೂ? ಅದಕ್ಕೇ ಒಡೆಯೋ ಕೋಣೆಗೆ ಒಳಗಿಂದ್ಲೇ ಬೀಗ ಹಾಕ್ಕೊಳ್ತವೆ."

ಇನ್ನು ಆ ತಟ್ಟೆಗಳು ಕೆಲಸಕ್ಕೆ ಬಾರವು. ಅತ್ತೆಯ ಕಣ್ಣಲ್ಲಿ ಎರಡು ಕೆರೆ ತುಂಬಿ ಕೋಡಿ ಹರಿಯಿತು. ಅಕ್ಕ ಬೈಯುತ್ತಲೇ ತನ್ನ ಪಾಲಿನ ಕೋಶಗಳಲ್ಲಿ ಒಂದು ತಟ್ಟೆಯಷ್ಟು ಕೊಟ್ಟಳು. "ಈ ಸಲ ಕೈಮೇಲೆ ಕೂತ್ಕೋ."

ಅತ್ತೆ ನಿಜವಾಗಿಯೂ ಕೈಮೇಲೆ ಕೂತಳು. ಪೆಟ್ಟಿಗೆಯ ಮುಂದೆ ಸ್ಟೂಲು ಹಾಕಿಕೊಂಡು, ಎರಡೂ ಅಂಗೈ ತೊಡೆಯಡಿ ಇಟ್ಟು, ಒಂದು ಯುಗ ಕೂತಳು. ಗಟ್ಟಿ ರಸದ ಬಾಟಲಿ ಮುಂದಿದ್ದರೂ ಮುಟ್ಟಲಿಲ್ಲ. ದುರ್ವಾಸರಿಗೂ ಅಂಥ ತಪಸ್ಸು ಸಾಧ್ಯವಾಗುತ್ತಿರಲಿಲ್ಲ. ಗುಂಡಗಿನ ಕೋಶಗಳು ಸೊರಗಿದವು, ಸಾಲುಗಟ್ಟಿದವು, ಒಂದರೊಳಗೊಂದು ಕರಗಿ ನೀಳವಾದವು. ಅಷ್ಟೇ. ಮಿಡಿತ ಮಾತ್ರ ಇಲ್ಲ. ಊರಿಗೆ ಹೋಗುವವರು ಚೀಲ ಕಟ್ಟತೊಡಗಿದರು. ಅವಳೂ ತನ್ನ ಬಿಳಿ ಕೋಟನ್ನು ಮಡಿಚಿಟ್ಟಳು.

ರಜೆಯ ಹಿಂದಿನ ಮಧ್ಯಾಹ್ನ ಕೊನೆಯ ಸಲವೆಂದು ಕಣ್ಣಿಟ್ಟಳು. ಮೂಲೆಯ ಒಂದು ಎಳೆ ಸಣ್ಣಗೆ ಸೆಟೆದುಕೊಂಡು ಸಡಿಲಿತು. ಮತ್ತೆ ಸೆಟೆಯಿತು. ಅದು ಅಲ್ಲಾಡಿದ್ದು ಕೂದಲೆಳೆಯಷ್ಟೂ ಇಲ್ಲ, ಆದರೆ ಅತ್ತೆಗೆ ಇಡೀ ಕಟ್ಟಡವೇ ಕಿಟಕಿ ಸಮೇತ ಅದುರಿದಂತಾಯಿತು. ಅಕ್ಕನ ಸೆರಗು ಹಿಡಿದು ಎಳೆದಳು.

ಕಂಬವೂ ಬಂದು ಬಗ್ಗಿ ನೋಡಿತು. ತುಂಬ ಹೊತ್ತು ನೋಡಿತು.

"ಸರ್, ಈಗಾದ್ರೂ ಒಂದು ತೊಟ್ಟು ಗಟ್ಟಿದು ಹಾಕ್ಲಾ?" ಅತ್ತೆಗೆ ತಡೆದುಕೊಳ್ಳಲಾಗಲಿಲ್ಲ.

ಅಕ್ಕ ಹಣೆ ಚಚ್ಚಿಕೊಂಡಳು. ಗುರುಗಳು ಮಾತ್ರ, "ಹಾಕು. ಏನಾಗುತ್ತೆ ನೋಡೋಣ" ಎಂದರು.

ಮಾರನೆಯ ದಿನ ಊರೆಲ್ಲ ರಜೆ. ಆ ಕೋಣೆಯಲ್ಲಿ ಗುರುಗಳೂ ಅತ್ತೆಯೂ, ಬೈಯಲು ಬಂದ ಅಕ್ಕನೂ. ಗಟ್ಟಿ ರಸದಲ್ಲಿ ಮುಳುಗಿದ್ದರೂ ಆ ಎಳೆಗಳಲ್ಲಿ ಒಂದೂ ಒಡೆದಿರಲಿಲ್ಲ, ಸುಮ್ಮನೆ ಮಿಡಿಯುತ್ತಿದ್ದವು.

"ಹೊಟ್ಟೆ ತುಂಬಿದ್ರೂ ಒಡೆಯಲ್ವಾ ಸರ್ ಇವು?"

"ಇಲ್ಲ. ಕೆಲಸಕ್ಕೆ ಸೇರಿದವು." ಗುರುಗಳು ಕನ್ನಡಕ ಒರೆಸಿಕೊಂಡರು. "ಅಪ್ಪನಿಗೆ ಹೇಳಿ ಕಳಿಸು, ನೀನೂ ಸೇರಿದೆ ಅಂತ."

ಗುರುಗಳೂ ಇಲ್ಲ, ಅಕ್ಕನೂ ಇಲ್ಲ ಈಗ. ಆಮೇಲೆ ಅತ್ತೆ ಲಕ್ಷ ತಟ್ಟೆ ನೋಡಿದಳೆಂದರೆ ಕಮ್ಮಿಯೇ ಹೇಳಿದಂತೆ. ಅವುಗಳಲ್ಲಿ ಒಂದೂ ಆ ಮೂಲೆಯ ಎಳೆಯಷ್ಟು ಚೆನ್ನಾಗಿ ಮಿಡಿಯಲಿಲ್ಲವಂತೆ. ಇದನ್ನು ಹೇಳುವಾಗ ಅವಳು ತೋರುಬೆರಳನ್ನು ಮಡಿಚಿ ಬಿಚ್ಚಿ, ಮಡಿಚಿ ಬಿಚ್ಚಿ ತೋರಿಸುತ್ತಾಳೆ; ನಿಲ್ಲಿಸುವುದೇ ಇಲ್ಲ.