ಮೇಲಿನ ತಂತಿಯ ಪಂಚಮ

ರಾಮದಾಸ ಮೈಸೂರಿನವನು, ತಿರುವನಂತಪುರದಲ್ಲಿ ಕೂತು ರಾಕೆಟ್ಟಿನ ಲೆಕ್ಕ ಹಾಕುವವನು. ಹೆಂಡತಿ ಅಪರ್ಣಾಗೆ ಕೊಚ್ಚಿಗೆ ವರ್ಗವಾಗಿ ಎಂಟು ತಿಂಗಳು. ಅಲ್ಲಿನ ಪಾಲಾರಿವಟ್ಟಂನಲ್ಲಿ ಬಾಡಿಗೆ ಮನೆ ಹಿಡಿದಿದ್ದಳು. ಮೊದಮೊದಲು ವಾರವಾರ ಬರುತ್ತಿದ್ದಳು, ಆಮೇಲೆ ತಿಂಗಳಿಗೊಮ್ಮೆ, ಈಗ ಅದೂ ಇಲ್ಲ. ಜಗಳವಾಗಿದ್ದರೆ ರಾಜಿಯಾದರೂ ಆಗಬಹುದಿತ್ತು. ಇಲ್ಲಿ ಮಾತೇ ಮುಗಿದುಹೋಗಿತ್ತು. ಫೋನಿನಲ್ಲಿ ಊಟ ಆಯ್ತಾ, ಆಯ್ತು, ಮಳೆನಾ, ಹೂಂ, ಅಷ್ಟೇ. ಖಾಲಿ ಮನೆ ಅವನನ್ನು ತಿನ್ನುತ್ತಿತ್ತು. ಬಾಯಿಬಿಟ್ಟು ಹೇಳೋಕೆ ಬಿಗುಮಾನ.

ಒಂದು ಭಾನುವಾರ, ಅವಳು ಬಿಟ್ಟುಹೋಗಿದ್ದ, ಪುಟ್ಟ ಗಿಟಾರಿನಂಥ ಉಕುಲೇಲೆಯನ್ನು ಅಟ್ಟದಿಂದ ಇಳಿಸಿ, ಹೊಸ ನೈಲಾನ್ ತಂತಿ ಕಟ್ಟಿದ. ಪ, ಸ, ಗ, ದ, ನಾಲ್ಕೇ ತಂತಿ. ಅಮ್ಮನ ತಂಬೂರಿಗೆ ಶ್ರುತಿ ಮಾಡಿಕೊಟ್ಟು ಬೆಳೆದವನಿಗೆ ಇದೇನು ಮಹಾ! ತಂಬೂರಿಯಲ್ಲಿ ಮೊದಲ ತಂತಿ ತಗ್ಗಿನ ಪಂಚಮ ತಾನೆ, ಇಲ್ಲೂ ಹಾಗೇ ಇರಬೇಕು ಅಂತ ಇಳಿಸಿದ, ಇನ್ನೂ ಇಳಿಸಿದ. ತಂತಿ ಬಟ್ಟೆ ಒಣಹಾಕುವ ಹಗ್ಗದ ಹಾಗೆ ಜೋತುಬಿತ್ತು. ಸೋತು ಅಪರ್ಣಾಗೆ ಫೋನ್ ಮಾಡಿದ.

ಅವಳು ನಕ್ಕುಬಿಟ್ಟಳು. ಆ ನಗು ಕೇಳಿ ಎಷ್ಟು ಕಾಲವಾಗಿತ್ತೋ! ಇದರಲ್ಲಿ ಮೇಲಿನ ತಂತಿ, ಅಂದರೆ ಆ ಪಂಚಮ, ತಗ್ಗಿನದಲ್ಲ, ಸ, ಗ ಎರಡಕ್ಕಿಂತಲೂ ಏರು ಎಂದು ಬಿಡಿಸಿ ಹೇಳಿ, ಪಂಚಮ ಹಾಡಿ ತೋರಿಸಿದಳು. ಹೊಸ ನೈಲಾನು ಹಿಗ್ಗುತ್ತಲೇ ಇರುತ್ತೆ, ಕೆಲವು ದಿನ ಬಿಗಿ ಮಾಡ್ತಾ ಇರಬೇಕು ಅಂದಳು. ಅವನಿಗೆ ಇನ್ನೇನು ಬೇಕು! ಹತ್ತು ದಿನ, ಸಂಜೆಯಾದರೆ ಫೋನ್. ತಂತಿಯಿಂದ ಶುರುವಾದ ಮಾತು ಅವಳ ಮಂಡಿನೋವಿನ ತನಕ, ಇವನು ಸೀಯಿಸಿದ ಸಾರಿನ ತನಕ ಹೋಗುತ್ತಿತ್ತು.

ಹನ್ನೊಂದನೇ ದಿನ ಕೊರಿಯರ್ ಬಂತು. ಒಳಗೊಂದು ಪುಟ್ಟ ಟ್ಯೂನರ್; ವಾದ್ಯದ ತಲೆಗೆ ಸಿಕ್ಕಿಸಿದರೆ, ಶ್ರುತಿ ಕೂಡಿದಾಗ ಹಸಿರು ದೀಪ ಹತ್ತುತ್ತದೆ. ಇನ್ನು ನನ್ನನ್ನು ಕೇಳೋ ತಾಪತ್ರಯವಿಲ್ಲ ಅಂತ ಚೀಟಿ ಬೇರೆ. ಮೀಟಿ ನೋಡಿದ. ನಾಲ್ಕೂ ಹಸಿರು. ತಂತಿಗಳೂ ಹಿಗ್ಗುವುದನ್ನು ಬಿಟ್ಟಿದ್ದವು. ಇನ್ನು ಫೋನ್ ಮಾಡಲು ನೆಪವೇ ಉಳಿಯಲಿಲ್ಲ.

ಎರಡು ಸಂಜೆ ಹೇಗೋ ತಡೆದುಕೊಂಡ. ಮೂರನೇ ಸಂಜೆ ಫೋನ್ ಮಾಡಿ, ಟ್ಯೂನರಿನ ಬ್ಯಾಟರಿ ಹೋಗಿದೆ ಅಂದ.

"ನಾನೇ ಹೊಸದು ಹಾಕಿ ಕಳಿಸಿದ್ನಲ್ರೀ."

ಸುಳ್ಳು ಹೇಳಿ ಅಭ್ಯಾಸವಿಲ್ಲದವನು, ತಂತಿನೂ ಇಳಿದಿದೆ ಅಂತ ಸೇರಿಸಿದ. ಅಪರ್ಣಾ ಬ್ಯಾಟರಿಯ ಮಾತು ಅಲ್ಲಿಗೇ ಬಿಟ್ಟಳು.

"ಯಾವ ತಂತಿ ಇಳಿದಿದೆ?" ಎಂದು ಮೆಲ್ಲಗೆ ಕೇಳಿದಳು.

"ನಾಲ್ಕೂ," ಅಂದ.

ಅವಳು ಮತ್ತೆ ಮೊದಲಿನಿಂದ, ಪಂಚಮದಿಂದಲೇ ಶುರುಮಾಡಿದಳು.